ಕರೆಂಟ್ ಬಂತು, ಡೇಟಾಬೇಸ್ ಏಳಲಿಲ್ಲ

ರಾತ್ರಿ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಬೀಳುತ್ತದೆ. ಕರೆಂಟ್ ಮರುದಿನ ಹನ್ನೊಂದು ಗಂಟೆಗೆ ಬರುತ್ತದೆ. ಎರಡು ಸಲ ಹೋಗಿ ಬಂದು ಆಮೇಲೆ ನಿಲ್ಲುತ್ತದೆ. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ವಿಂಡೋಸ್ ಬರುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ‘ಸರ್ವರ್ ಸಿಗುತ್ತಿಲ್ಲ’ ಎನ್ನುತ್ತದೆ. ಗೋಣಿಕೊಪ್ಪದ ಗೊಬ್ಬರದ ಅಂಗಡಿ, ಸೋಮವಾರಪೇಟೆ ಕಡೆಯ ಸಹಕಾರ ಸಂಘ, ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕದ ತೂಕದ ಕೋಣೆ, ಮಡಿಕೇರಿಯ ಹೋಂಸ್ಟೇ, ಎಲ್ಲಿ ಬೇಕಾದರೂ ಮಳೆಗಾಲದಲ್ಲಿ ಇದು ಆಗಬಹುದು.

ಇಂಥ ಕಡೆ ಒಳಗೆ ಕೂತು ಬಿಲ್, ದಾಸ್ತಾನಿನ ಲೆಕ್ಕ ಕಾಯುವ ಡೇಟಾಬೇಸ್ ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅಥವಾ ಪೋಸ್ಟ್‌ಗ್ರೆಸ್. ಮೂರೂ ಕರೆಂಟ್ ಹೋಗುವುದನ್ನು ಎಣಿಸಿಯೇ ಕಟ್ಟಿದ ಸಾಫ್ಟ್‌ವೇರ್‌ಗಳು. ಹಾಗಾಗಿ ಕರೆಂಟ್ ಮಾಡುವ ಹಾನಿಗಿಂತ, ಗಾಬರಿಯಲ್ಲಿ ನಾವು ಮಾಡುವ ರಿಪೇರಿಯ ಹಾನಿಯೇ ಹಲವು ಸಲ ದೊಡ್ಡದಾಗಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದು, ‘ಲಾಗ್’ ಎಂಬ ಹೆಸರು ಕಂಡ ಫೈಲ್‌ಗಳನ್ನೆಲ್ಲ ಅಳಿಸುವುದು, ಹಳೆಯ ಬ್ಯಾಕಪ್ಪನ್ನು ಈಗಿನ ಡೇಟಾದ ಮೇಲೆಯೇ ಸುರಿಯುವುದು, ಈ ಮೂರನ್ನು ಮಾಡದಿದ್ದರೆ ಅರ್ಧ ಗೆದ್ದಂತೆ.

ಸರ್ವಿಸ್ ಅಂದರೆ ಯಾರ ಕೆಲಸಗಾರ?

ವಿಂಡೋಸ್‌ನಲ್ಲಿ ಸರ್ವಿಸ್ ಎಂದರೆ ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಅದನ್ನು ಎಬ್ಬಿಸುವುದು, ನಿಲ್ಲಿಸುವುದು, ಸತ್ತರೆ ವರದಿ ಬರೆಯುವುದು ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಎಂಬ ಇನ್ನೊಂದು ಪ್ರೋಗ್ರಾಂನ ಕೆಲಸ. ತೋಟದಲ್ಲಿ ಬೆಳಗ್ಗೆ ಹಾಜರಿ ಕೂಗುವ ರೈಟರ ಹಾಗೆ. ಹೆಸರು ಕೂಗುತ್ತಾನೆ, ‘ಇದ್ದೇನೆ’ ಎನ್ನಲು ಹೊತ್ತು ಕೊಡುತ್ತಾನೆ, ಬಾರದಿದ್ದರೆ ಪುಸ್ತಕದಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಾನೆ. ಆಳಿಗೆ ಜ್ವರವೋ, ದಾರಿಯಲ್ಲಿ ಹೊಳೆ ತುಂಬಿದೆಯೋ ಎಂಬುದು ಅವನ ಪುಸ್ತಕದಲ್ಲಿ ಇರುವುದಿಲ್ಲ. ಪರದೆಯ ಮೇಲೆ ಬರುವ ‘ಎರರ್ 1067’ ಥರದ ಸಂಖ್ಯೆ ರೈಟರ ಗುರುತು ಅಷ್ಟೆ. ಕಾರಣ ಬೇಕಿದ್ದರೆ ಡೇಟಾಬೇಸ್ ತಾನೇ ಬರೆದುಕೊಂಡ ಎರರ್ ಲಾಗ್ ತೆರೆಯಬೇಕು.

ಇನ್ನೊಂದು ಸಂಗತಿ ಇಲ್ಲೇ ತಿಳಿದಿರಬೇಕು. ಸರ್ವಿಸ್ ಓಡುವುದು ನಿಮ್ಮ ಹೆಸರಿನಲ್ಲಿ ಅಲ್ಲ. ಪೋಸ್ಟ್‌ಗ್ರೆಸ್ ಮತ್ತು ಹೊಸ ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ‘ನೆಟ್‌ವರ್ಕ್ ಸರ್ವಿಸ್’ ಎಂಬ ಖಾತೆಯಲ್ಲಿ ಓಡುತ್ತವೆ. ಎಸ್‌ಕ್ಯೂಎಲ್ ಸರ್ವರ್‌ಗೆ ಅದರದೇ ಹೆಸರಿನ ವರ್ಚುವಲ್ ಖಾತೆ ಇರುತ್ತದೆ. ನೀವು ಲಾಗಿನ್ ಆಗಿ ಜೋಡಿಸಿಕೊಂಡ ‘ಝಡ್’ ಎಂಬ ನೆಟ್‌ವರ್ಕ್ ಡ್ರೈವ್ ಆ ಖಾತೆಗೆ ಕಾಣುವುದೇ ಇಲ್ಲ. ನಿಮಗೆ ತೆರೆಯುವ ಫೋಲ್ಡರ್ ಅದಕ್ಕೆ ತೆರೆಯಲೇಬೇಕೆಂದಿಲ್ಲ. ‘ನಾನು ನೋಡಿದರೆ ಫೈಲ್ ಇದೆಯಲ್ಲ, ಮತ್ತೇಕೆ ಸಿಗುತ್ತಿಲ್ಲ’ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇಷ್ಟೇ.

ಮುಟ್ಟುವ ಮೊದಲು

ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಎಂದು ಹುಡುಕಿ ತೆರೆಯಿರಿ. ಮೈಎಸ್‌ಕ್ಯೂಎಲ್80, ಎಸ್‌ಕ್ಯೂಎಲ್ ಸರ್ವರ್ ಆವರಣದಲ್ಲಿ ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್, ಅಥವಾ ಪೋಸ್ಟ್‌ಗ್ರೆಸ್‌ಕ್ಯೂಎಲ್ ಹೆಸರಿನ ಜತೆ ಆವೃತ್ತಿ ಸಂಖ್ಯೆ, ಹೀಗೆ ಒಂದು ಸಾಲು ಸಿಗುತ್ತದೆ. ಅದರ ಎದುರಿನ ಸ್ಟೇಟಸ್ ನೋಡಿ.

‘ರನ್ನಿಂಗ್’ ಎಂದಿದ್ದರೆ ಡೇಟಾಬೇಸ್ ಎದ್ದಿದೆ. ತೊಂದರೆ ಹೆಚ್ಚಾಗಿ ನೆಟ್‌ವರ್ಕಿನದ್ದು, ಅದಕ್ಕೆ ಕೆಳಗೆ ಬರೋಣ. ‘ಸ್ಟಾರ್ಟಿಂಗ್’ ಎಂದಿದ್ದರೆ ಕೈ ಕಟ್ಟಿ ಕೂರಿ. ಅರ್ಧಕ್ಕೆ ನಿಂತ ಕೆಲಸಗಳನ್ನು ಅದು ಸರಿಪಡಿಸಿಕೊಳ್ಳುತ್ತಿರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಆದರೆ ಇದಕ್ಕೆ ಹತ್ತಿಪ್ಪತ್ತು ನಿಮಿಷ ಹಿಡಿಯಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಓಡುತ್ತಿದ್ದರೆ, ಎರರ್ ಲಾಗ್‌ನಲ್ಲಿ ಸಾಲುಗಳು ಸೇರುತ್ತಿದ್ದರೆ ಅದು ಕೆಲಸದಲ್ಲಿದೆ ಎಂದರ್ಥ. ತಾಳ್ಮೆ ಕೆಟ್ಟು ‘ಎಂಡ್ ಟಾಸ್ಕ್’ ಒತ್ತಿದರೆ ಅಷ್ಟೂ ಕೆಲಸ ಮೊದಲಿನಿಂದ.

ಖಾಲಿ ಇದ್ದರೆ ನಿಂತಿದೆ. ಒಂದು ಸಲ ‘ಸ್ಟಾರ್ಟ್’ ಕೊಡಿ, ಬರುವ ಸಂಖ್ಯೆಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹತ್ತು ಸಲ ಒತ್ತುವುದರಿಂದ ಉಪಯೋಗವಿಲ್ಲ.

ಇನ್ನು ಯಾವುದನ್ನಾದರೂ ಬದಲಿಸುವ ಮೊದಲು ಡೇಟಾ ಫೋಲ್ಡರಿನ ಪ್ರತಿ ತೆಗೆಯಿರಿ. ಸರ್ವಿಸ್‌ನ ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟಪ್ ಟೈಪನ್ನು ‘ಮ್ಯಾನ್ಯುವಲ್’ ಮಾಡಿ. ಪ್ರತಿ ಮಾಡುತ್ತಿರುವಾಗ ಮಷಿನ್ ರೀಸ್ಟಾರ್ಟ್ ಆದರೂ ಅದು ತಾನಾಗಿ ಏಳಬಾರದು. ಅದೇ ಪ್ರಾಪರ್ಟೀಸ್‌ನ ‘ರಿಕವರಿ’ ಪುಟದಲ್ಲಿ ‘ರೀಸ್ಟಾರ್ಟ್ ದಿ ಸರ್ವಿಸ್’ ಎಂದಿದ್ದರೆ ಸದ್ಯಕ್ಕೆ ‘ಟೇಕ್ ನೋ ಆ್ಯಕ್ಷನ್’ಗೆ ಬದಲಿಸಿ. ಆಮೇಲೆ ಇಡೀ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲಿಸಿ. ಮೈಎಸ್‌ಕ್ಯೂಎಲ್‌ದು ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಫೋಲ್ಡರಿನ ಒಳಗಿದೆ, ಅದು ಹಿಡನ್ ಫೋಲ್ಡರ್. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್‌ನವು ಪ್ರೋಗ್ರಾಂ ಫೈಲ್ಸ್‌ನ ಒಳಗೆ. ಸಾಫ್ಟ್‌ವೇರ್ ಹಾಕಿಕೊಟ್ಟವರು ಡಿ ಡ್ರೈವಿಗೆ ಇಟ್ಟಿರುವುದೂ ಉಂಟು. ಈ ಪ್ರತಿ ಇದ್ದರೆ ಮುಂದಿನ ಯಾವ ಹೆಜ್ಜೆ ತಪ್ಪಿದರೂ ವಾಪಸ್ ಬರಬಹುದು.

ಸಂಖ್ಯೆಗಳು ಹೇಳುವುದು, ಹೇಳದ್ದು

1067 ಅತಿ ಪರಿಚಿತ, ಅತಿ ಕಡಿಮೆ ತಿಳಿಸುವ ಸಂಖ್ಯೆ. ಪ್ರೋಗ್ರಾಂ ಎದ್ದು ಕೂಡಲೇ ಸತ್ತಿತು ಎಂಬುದಷ್ಟೇ ಅದರ ಅರ್ಥ. ನೇರ ಎರರ್ ಲಾಗ್‌ಗೆ ಹೋಗಿ.

1053 ಬಂದರೆ ಪ್ರೋಗ್ರಾಂ ಹೊತ್ತಿಗೆ ಸರಿಯಾಗಿ ಓಗೊಡಲಿಲ್ಲ. ಆ ಹೊತ್ತು ಸಾಮಾನ್ಯವಾಗಿ 30 ಸೆಕೆಂಡು. ಮಷಿನ್ ಬೂಟ್ ಆಗುವಾಗ ಆ್ಯಂಟಿವೈರಸ್, ವಿಂಡೋಸ್ ಅಪ್‌ಡೇಟ್, ಪ್ರಿಂಟರ್ ಡ್ರೈವರ್ ಎಲ್ಲವೂ ಒಂದೇ ಡಿಸ್ಕಿಗೆ ಮುಗಿಬಿದ್ದಾಗ ಹೀಗಾಗುತ್ತದೆ. ಐದು ನಿಮಿಷ ಬಿಟ್ಟು ಕೈಯಾರೆ ಸ್ಟಾರ್ಟ್ ಕೊಟ್ಟಾಗ ಎದ್ದರೆ ರೋಗ ಇದೇ. ಸ್ಟಾರ್ಟಪ್ ಟೈಪನ್ನು ‘ಆಟೊಮ್ಯಾಟಿಕ್ ಡಿಲೇಡ್ ಸ್ಟಾರ್ಟ್’ ಮಾಡಿದರೆ ಬೂಟ್ ಆಗಿ ಸುಮಾರು ಎರಡು ನಿಮಿಷದ ನಂತರ ಎಬ್ಬಿಸುತ್ತದೆ. ಆ ಎರಡು ನಿಮಿಷ ಬಿಲ್ಲಿಂಗ್ ತೆರೆಯಬೇಡಿ ಎಂದು ಕೌಂಟರಿನಲ್ಲಿ ಕೂರುವವರಿಗೆ ಹೇಳಿಡಬೇಕು, ಇಲ್ಲವಾದರೆ ದಿನಾ ಬೆಳಗ್ಗೆ ಫೋನ್ ಬರುತ್ತದೆ.

1069 ಎಂದರೆ ಸರ್ವಿಸ್‌ನ ಖಾತೆಯ ಪಾಸ್‌ವರ್ಡ್ ಒಪ್ಪಲಿಲ್ಲ. ಯಾರೋ ಅದನ್ನು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಓಡಿಸಿದ್ದರು, ಆಮೇಲೆ ಆ ಪಾಸ್‌ವರ್ಡ್ ಬದಲಾಯಿತು. ಮೊದಲಿದ್ದ ಸರ್ವಿಸ್ ಹಾಗೇ ಓಡುತ್ತಿರುತ್ತದೆ. ಮುಂದಿನ ರೀಸ್ಟಾರ್ಟ್‌ವರೆಗೂ ತಪ್ಪು ಕಾಣುವುದಿಲ್ಲ. ಅಂದರೆ ಪಾಸ್‌ವರ್ಡ್ ಮೇ ತಿಂಗಳಲ್ಲಿ ಬದಲಾಗಿದ್ದರೂ ದೂರು ಬರುವುದು ಜೂನಿನ ಮೊದಲ ಕರೆಂಟ್ ಕಟ್‌ಗೆ, ಬೈಗುಳ ಪೂರ್ತಿ ಮಳೆಗೆ. 1068 ಬಂದರೆ ಇದು ಅವಲಂಬಿಸಿದ ಬೇರೊಂದು ಸರ್ವಿಸ್ ಎದ್ದಿಲ್ಲ; ಪ್ರಾಪರ್ಟೀಸ್‌ನ ‘ಡಿಪೆಂಡೆನ್ಸೀಸ್’ ಪುಟದಲ್ಲಿ ಯಾವುದೆಂದು ಇದೆ. 1058 ಬಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ.

ಒಂದಂಕಿಯವು ಇನ್ನೂ ನೇರ. 2 ಮತ್ತು 3 ಎಂದರೆ ಪ್ರೋಗ್ರಾಂ ಫೈಲ್ ಅಥವಾ ಅದರ ದಾರಿ ಸಿಗಲಿಲ್ಲ: ಫೋಲ್ಡರ್ ಹೆಸರು ಬದಲಾಗಿದೆ, ಡ್ರೈವ್ ಅಕ್ಷರ ಬದಲಾಗಿದೆ, ಅಥವಾ ಆ್ಯಂಟಿವೈರಸ್ ಅದನ್ನು ಕ್ವಾರಂಟೈನ್‌ಗೆ ತಳ್ಳಿದೆ. 5 ಎಂದರೆ ಅನುಮತಿ ಇಲ್ಲ.

ಲಾಗ್ ಓದುವುದು

ಮೈಎಸ್‌ಕ್ಯೂಎಲ್‌ನ ಎರರ್ ಲಾಗ್ ಡೇಟಾ ಫೋಲ್ಡರಿನಲ್ಲೇ, ಕಂಪ್ಯೂಟರಿನ ಹೆಸರಿನಲ್ಲಿ, ಡಾಟ್ ಇಆರ್‌ಆರ್ ಎಂಬ ಬಾಲದೊಂದಿಗೆ ಇರುತ್ತದೆ. ಎಸ್‌ಕ್ಯೂಎಲ್ ಸರ್ವರ್‌ದು ‘ಲಾಗ್’ ಫೋಲ್ಡರಿನಲ್ಲಿ ಎರರ್‌ಲಾಗ್ ಎಂಬ, ಬಾಲವೇ ಇಲ್ಲದ ಫೈಲ್. ಹಿಂದಿನ ಆರು ಸಲದ್ದು ಎರರ್‌ಲಾಗ್.1, .2 ಎಂದು ಉಳಿದಿರುತ್ತವೆ. ಪ್ರತಿ ಸಲ ಎಬ್ಬಿಸಲು ನೋಡಿದಾಗಲೂ ಹೊಸದು ಹುಟ್ಟಿ ಅತಿ ಹಳೆಯದು ಅಳಿಯುತ್ತದೆ. ‘ಸ್ಟಾರ್ಟ್’ ಪದೇ ಪದೇ ಒತ್ತಬೇಡಿ ಎಂದದ್ದು ಇದಕ್ಕೇ. ಏಳು ಸಲ ಒತ್ತಿದರೆ ರಾತ್ರಿ ನಡೆದದ್ದರ ದಾಖಲೆ ಮಾಯ. ಪೋಸ್ಟ್‌ಗ್ರೆಸ್‌ದು ಡೇಟಾ ಫೋಲ್ಡರಿನ ಒಳಗಿನ ‘ಲಾಗ್’ ಫೋಲ್ಡರ್.

ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಯಿಂದ ಮೇಲಕ್ಕೆ ಓದಿ. ಕೊನೆಯ ಸಾಲು ‘ಶಟ್‌ಡೌನ್ ಮುಗಿಯಿತು’, ‘ಅಬಾರ್ಟಿಂಗ್’ ಥರದ ಶರಾ ಮಾತ್ರ. ಈ ಸಲದ ಆರಂಭದಿಂದ ಮೊದಲು ಬಂದ ‘ಎರರ್’ ಸಾಲು ಎಲ್ಲಿದೆಯೋ ಅಲ್ಲಿ ಕಾರಣ ಇದೆ. ಸಮಯ ನೋಡುವಾಗ ಎಚ್ಚರ: ಮೈಎಸ್‌ಕ್ಯೂಎಲ್ 5.7ರಿಂದೀಚೆಗೆ ಲಾಗ್‌ನ ಗಂಟೆ, ನಾವಾಗಿ ಬದಲಿಸದಿದ್ದರೆ, ಗ್ರೀನಿಚ್ ಲೆಕ್ಕದಲ್ಲಿ ಇರುತ್ತದೆ. ಇಲ್ಲಿ ಬೆಳಗ್ಗೆ 9.10 ಆದಾಗ ಅಲ್ಲಿ 3.40. ‘ಬೆಳಗ್ಗಿನದು ಏನೂ ಬರೆದೇ ಇಲ್ಲ’ ಎಂದು ಲಾಗ್ ಮುಚ್ಚುವ ಮುನ್ನ ಐದೂವರೆ ಗಂಟೆ ಕೂಡಿಸಿ ನೋಡಿ.

ನಿಜಕ್ಕೂ ಹೊಸ ಸಾಲೇ ಇಲ್ಲದಿದ್ದರೆ ಅದೂ ಒಂದು ಸುಳಿವು. ಲಾಗ್ ತೆರೆಯುವ ಹಂತಕ್ಕೂ ಮುನ್ನ ಪ್ರೋಗ್ರಾಂ ಬಿದ್ದಿದೆ: ಒಂದೋ ಸೆಟ್ಟಿಂಗ್ ಫೈಲ್ ತಪ್ಪು, ಇಲ್ಲವೇ ದಾರಿ ತಪ್ಪು, ಇಲ್ಲವೇ ಅನುಮತಿ ಇಲ್ಲ. ಆಗ ಸರ್ವಿಸ್ ಬಿಟ್ಟು, ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಅದೇ ಪ್ರೋಗ್ರಾಂ ಅನ್ನು ನೇರ ಓಡಿಸಿದರೆ ಎರರ್ ಕಣ್ಣೆದುರೇ ಬರುತ್ತದೆ. ಮೈಎಸ್‌ಕ್ಯೂಎಲ್‌ನ ಸರ್ವರ್ ಪ್ರೋಗ್ರಾಂ ಆದ ಮೈಎಸ್‌ಕ್ಯೂಎಲ್‌ಡಿಗೆ ‘ಡಿಫಾಲ್ಟ್ಸ್-ಫೈಲ್’ ಆಯ್ಕೆಯಲ್ಲಿ ಮೈ.ಐಎನ್‌ಐ ಎಂಬ ಸೆಟ್ಟಿಂಗ್ ಫೈಲಿನ ದಾರಿಯನ್ನೂ ಜತೆಗೆ ‘ಕನ್ಸೋಲ್’ ಆಯ್ಕೆಯನ್ನೂ ಕೊಡಬೇಕು. ಡಿಫಾಲ್ಟ್ಸ್-ಫೈಲ್ ಮೊದಲು ಬರಬೇಕು, ಕ್ರಮ ತಪ್ಪಿದರೆ ಒಪ್ಪುವುದಿಲ್ಲ. ಸರ್ವಿಸ್ ಯಾವ ಮೈ.ಐಎನ್‌ಐ ಬಳಸುತ್ತದೆ ಎಂಬುದು ಪ್ರಾಪರ್ಟೀಸ್‌ನ ‘ಪಾಥ್ ಟು ಎಕ್ಸಿಕ್ಯೂಟೆಬಲ್’ ಸಾಲಿನಲ್ಲಿ ಪೂರ್ತಿ ಇರುತ್ತದೆ. ಆ ಸಾಲು ಓದದೆ ಬೇರೆ ಯಾವುದೋ ಮೈ.ಐಎನ್‌ಐ ತಿದ್ದಿ ಗಂಟೆಗಟ್ಟಲೆ ಕಳೆಯುವುದು ಬಹಳ ಸುಲಭ.

ಈ ಫೈಲಿನ ಎರಡು ಚೇಷ್ಟೆಗಳು. ಒಂದು, ನೋಟ್‌ಪ್ಯಾಡಿನಲ್ಲಿ ‘ಯುಟಿಎಫ್-8 ವಿತ್ ಬಿಒಎಂ’ ಎಂದು ಉಳಿಸಿದರೆ ಮೊದಲ ಸಾಲಿನ ಮುಂದೆ ಕಣ್ಣಿಗೆ ಕಾಣದ ಮೂರು ಬೈಟ್ ಸೇರಿ, ಗುಂಪಿಲ್ಲದೆ ಆಪ್ಷನ್ ಬಂತು ಎಂದು ದೂರುತ್ತದೆ. ಎರಡನೆಯದು ಇನ್ನೂ ಸೊಗಸು. ಹಿಮ್ಮುಖ ಗೀಟಿನ (\) ನಂತರ ಟಿ, ಬಿ, ಎನ್, ಆರ್, ಎಸ್ ಎಂಬ ಸಣ್ಣ ಇಂಗ್ಲಿಷ್ ಅಕ್ಷರ ಬಂದರೆ ಮೈಎಸ್‌ಕ್ಯೂಎಲ್ ಅದನ್ನು ವಿಶೇಷ ಚಿಹ್ನೆ ಎಂದು ಓದುತ್ತದೆ. ಡಿ ಡ್ರೈವಿನಲ್ಲಿ ‘ತೋಟ’ ಎಂಬ ಫೋಲ್ಡರನ್ನು ಇಂಗ್ಲಿಷಿನಲ್ಲಿ ಬರೆದರೆ ಹಿಮ್ಮುಖ ಗೀಟೂ ಟಿ ಅಕ್ಷರವೂ ಕೂಡಿ ಒಂದು ಟ್ಯಾಬ್ ಆಗಿ, ಮಿಕ್ಕದ್ದಷ್ಟೇ ಉಳಿಯುತ್ತದೆ. ‘ಬಿಲ್ಲಿಂಗ್’, ‘ಸ್ಟಾಕ್’ ಫೋಲ್ಡರ್‌ಗಳದೂ ಅದೇ ಗತಿ. ದಾರಿ ಬರೆಯುವಾಗ ಮುಂಗೀಟನ್ನೇ (/) ಬಳಸಿ, ವಿಂಡೋಸ್‌ನಲ್ಲೂ ಅದು ನಡೆಯುತ್ತದೆ.

ಎರರ್ ಲಾಗ್ ಜತೆಗೆ ವಿಂಡೋಸ್ ತಾನೇ ಬರೆದಿಡುವ ಘಟನೆಗಳ ಪಟ್ಟಿ, ಈವೆಂಟ್ ವ್ಯೂವರ್, ಅದನ್ನೂ ತೆರೆಯಿರಿ. ‘ಸಿಸ್ಟಮ್’ ವಿಭಾಗದಲ್ಲಿ 41 ಮತ್ತು 6008 ಕಂಡರೆ ಮಷಿನ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. 7000, 7009, 7031, 7034 ಸರ್ವಿಸ್ ಕಂಟ್ರೋಲ್ ಮ್ಯಾನೇಜರಿನ ಬರಹ. ನಿಜಕ್ಕೂ ಹೆದರಬೇಕಾದವು ಬೇರೆ: ‘ಡಿಸ್ಕ್’ ಹೆಸರಿನಲ್ಲಿ 7 ಅಥವಾ 153, ‘ಎನ್‌ಟಿಎಫ್‌ಎಸ್’ ಹೆಸರಿನಲ್ಲಿ 55. 7 ಎಂದರೆ ಡಿಸ್ಕಿನಲ್ಲಿ ಓದಲಾಗದ ಜಾಗ, 153 ಎಂದರೆ ಡಿಸ್ಕಿಗೆ ಕೊಟ್ಟ ಕೆಲಸವನ್ನು ಮತ್ತೆ ಕೊಡಬೇಕಾಯಿತು, 55 ಎಂದರೆ ಫೈಲ್ ವ್ಯವಸ್ಥೆಯೇ ಕೆಟ್ಟಿದೆ. ಆಗ ಡೇಟಾಬೇಸ್ ರಿಪೇರಿಗೆ ಕೈ ಹಾಕದೆ ಮೊದಲು ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ. ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸುವುದು ಅದಕ್ಕೆ ಕೊನೆಯ ಪೆಟ್ಟು ಕೊಟ್ಟಂತೆ.

ಆಗಾಗ ಸಿಗುವ ಕಾರಣಗಳು

ಡಿಸ್ಕ್ ತುಂಬಿರುವುದು. ಮೈಎಸ್‌ಕ್ಯೂಎಲ್ 8.0 ತನ್ನ ಬೈನರಿ ಲಾಗ್‌ಗಳನ್ನು, ಅಂದರೆ ಡೇಟಾದಲ್ಲಿ ಆದ ಬದಲಾವಣೆಗಳ ದಾಖಲೆಯನ್ನು, ತಾನಾಗಿಯೇ 30 ದಿನ ಇಟ್ಟುಕೊಳ್ಳುತ್ತದೆ, 120 ಜಿಬಿಯ ಎಸ್‌ಎಸ್‌ಡಿಗೆ ಅದು ಭಾರ. ಅವನ್ನು ಎಕ್ಸ್‌ಪ್ಲೋರರಿನಲ್ಲಿ ಅಳಿಸಬೇಡಿ. ಬೇರೆ ಏನನ್ನಾದರೂ ಅಳಿಸಿ ಒಂದೆರಡು ಜಿಬಿ ಬಿಡಿಸಿ, ಸರ್ವಿಸ್ ಎಬ್ಬಿಸಿ, ಆಮೇಲೆ ‘ಪರ್ಜ್ ಬೈನರಿ ಲಾಗ್ಸ್’ ಆದೇಶದಿಂದ ತೆಗೆಯಿರಿ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಡೇಟಾಬೇಸ್ ‘ಫುಲ್’ ರಿಕವರಿ ಮಾದರಿಯಲ್ಲಿದ್ದು ಲಾಗ್ ಬ್ಯಾಕಪ್ ತೆಗೆಯದೇ ಇದ್ದರೆ ವ್ಯವಹಾರಗಳ ಲಾಗ್ ಇರುವ ಎಲ್‌ಡಿಎಫ್ ಫೈಲ್ ಬೆಳೆಯುತ್ತಲೇ ಹೋಗುತ್ತದೆ. ಎಕ್ಸ್‌ಪ್ರೆಸ್ ಆವೃತ್ತಿಗೆ, 2022ರವರೆಗಿನವುಗಳಲ್ಲಿ, ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿಯೂ ಇದೆ; ಅದು ತುಂಬಿದಾಗ ಸರ್ವಿಸ್ ಓಡುತ್ತದೆ, ಬಿಲ್ ಮಾತ್ರ ಉಳಿಯುವುದಿಲ್ಲ.

ಪೋರ್ಟ್, ಅಂದರೆ ನೆಟ್‌ವರ್ಕಿನಲ್ಲಿ ಡೇಟಾಬೇಸ್ ಕಾದು ಕೂರುವ ಬಾಗಿಲಿನ ಸಂಖ್ಯೆ, ಬೇರೆಯವರ ಕೈಲಿರುವುದು. ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಎಸ್‌ಕ್ಯೂಎಲ್ ಸರ್ವರ್‌ಗೆ 1433. ವೆಬ್‌ಸೈಟ್ ಕಟ್ಟುವವರು ಬಳಸುವ ಎಕ್ಸಾಂಪ್ ಎಂಬ ಪ್ಯಾಕೇಜ್ ಹಾಕಿದ ಮಷಿನ್‌ನಲ್ಲಿ ಅದರದೇ ಡೇಟಾಬೇಸ್ 3306 ಹಿಡಿದು ಕೂತಿರುವುದು ಸಾಮಾನ್ಯ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟ್ಯಾಟ್‌ಗೆ ‘-ಎಎನ್‌ಒ’ ಸೇರಿಸಿ ಓಡಿಸಿದರೆ ಕೊನೆಯ ಕಾಲಮ್ಮಿನಲ್ಲಿ ಪ್ರೋಸೆಸ್ ಸಂಖ್ಯೆ ಇರುತ್ತದೆ. ಟಾಸ್ಕ್ ಮ್ಯಾನೇಜರಿನ ‘ಡೀಟೇಲ್ಸ್’ನಲ್ಲಿ ಯಾರೆಂದು ಸಿಗುತ್ತದೆ. ಲಾಗ್‌ನಲ್ಲಿ 10048 ಕಂಡರೆ ಪೋರ್ಟ್ ಬಳಕೆಯಲ್ಲಿದೆ. 10013 ಕಂಡು, ನೆಟ್‌ಸ್ಟ್ಯಾಟ್‌ನಲ್ಲಿ ಯಾರೂ ಇಲ್ಲವೆಂದರೆ ವಿಂಡೋಸ್ ತಾನೇ ಆ ಸಂಖ್ಯೆಯನ್ನು ಕಾದಿರಿಸಿರಬಹುದು, ಒಂದು ಮಷಿನ್ ಒಳಗೆ ಇನ್ನೊಂದನ್ನು ಓಡಿಸುವ ಹೈಪರ್-ವಿ ಇದ್ದ ಕಡೆ ಹೀಗಾಗುತ್ತದೆ.

ಫೈಲ್ ಬೇರೆಯವರ ಹಿಡಿತದಲ್ಲಿರುವುದು. ಮೈಎಸ್‌ಕ್ಯೂಎಲ್ ಲಾಗ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಎರರ್ 32 ಎಂದರೆ ಆ್ಯಂಟಿವೈರಸ್, ಕ್ಲೌಡ್ ಸಿಂಕ್ ಅಥವಾ ಹಿಂದಿನ ಮೈಎಸ್‌ಕ್ಯೂಎಲ್‌ಡಿ ಆ ಫೈಲನ್ನು ಬಿಟ್ಟಿಲ್ಲ. ಡೇಟಾ ಫೋಲ್ಡರನ್ನು ಆ್ಯಂಟಿವೈರಸ್‌ನ ಹೊರಪಟ್ಟಿಗೆ ಸೇರಿಸಿ. ಡೇಟಾ ಫೋಲ್ಡರನ್ನು ಕ್ಲೌಡ್ ಸಿಂಕ್ ಆಗುವ ಜಾಗದಲ್ಲಿ ಇಡುವುದಂತೂ ಬೇಡವೇ ಬೇಡ.

ಪೋಸ್ಟ್‌ಗ್ರೆಸ್‌ಗೆ ಪೋಸ್ಟ್‌ಮಾಸ್ಟರ್.ಪಿಐಡಿ ಎಂಬ ಚೀಟಿ ಇದೆ, ‘ನಾನು ಒಳಗಿದ್ದೇನೆ’ ಎಂದು ಬಾಗಿಲಿಗೆ ಅಂಟಿಸಿದಂತೆ. ಕರೆಂಟ್ ಹೋದಾಗ ಚೀಟಿ ಹಾಗೇ ಉಳಿಯುತ್ತದೆ. ಸಾಮಾನ್ಯವಾಗಿ ಅದು ಹಳೆಯದೆಂದು ಪೋಸ್ಟ್‌ಗ್ರೆಸ್ ತಾನೇ ಗುರುತಿಸುತ್ತದೆ. ಅಪರೂಪಕ್ಕೆ ಅದೇ ಸಂಖ್ಯೆ ಬೇರೆ ಪ್ರೋಗ್ರಾಂಗೆ ಸಿಕ್ಕಿದ್ದರೆ ಗೊಂದಲ. ಟಾಸ್ಕ್ ಮ್ಯಾನೇಜರಿನಲ್ಲಿ ಒಂದೂ ಪೋಸ್ಟ್‌ಗ್ರೆಸ್.ಇಎಕ್ಸ್‌ಇ ಇಲ್ಲವೆಂದು ಖಚಿತವಾದ ಮೇಲಷ್ಟೇ ಆ ಫೈಲನ್ನು ಬೇರೆ ಕಡೆ ಸರಿಸಿ.

ಫೋಲ್ಡರನ್ನು ಪೆನ್‌ಡ್ರೈವಿನಿಂದ ವಾಪಸ್ ತಂದ ಮೇಲೆ ಏಳದಿದ್ದರೆ ಅನುಮತಿ ನೋಡಿ. ಪೆನ್‌ಡ್ರೈವಿಗೆ ಹೋಗಿ ಬರುವಾಗ ಹಳೆಯ ಅನುಮತಿಗಳು ಕಳಚುತ್ತವೆ. ಫೋಲ್ಡರಿನ ‘ಸೆಕ್ಯೂರಿಟಿ’ ಪುಟದಲ್ಲಿ, ‘ಲಾಗ್ ಆನ್’ ಪುಟದಲ್ಲಿ ಇರುವ ಅದೇ ಖಾತೆಗೆ ‘ಫುಲ್ ಕಂಟ್ರೋಲ್’ ಕೊಡಿ.

ಮಳೆಗೆ ಸಂಬಂಧವೇ ಇಲ್ಲದ್ದು ಒಂದಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಮೇಲೆ ಎಸ್‌ಕ್ಯೂಎಲ್ ಸರ್ವರ್ ಇನ್‌ಸ್ಟಾಲ್ ಆಗುವಾಗಲೇ ಸರ್ವಿಸ್ ಏಳದೆ ಸೋಲುತ್ತದೆ. ಕೆಲವು ಎನ್‌ವಿಎಂಇ ಎಸ್‌ಎಸ್‌ಡಿಗಳು ತಮ್ಮ ಸೆಕ್ಟರ್ ಅಳತೆಯನ್ನು 4 ಕೆಬಿಗಿಂತ ದೊಡ್ಡದಾಗಿ ತೋರಿಸುತ್ತವೆ, ಎಸ್‌ಕ್ಯೂಎಲ್ ಸರ್ವರ್ ಒಪ್ಪುವುದು 512 ಬೈಟ್ ಮತ್ತು 4 ಕೆಬಿ ಮಾತ್ರ. ಕಮಾಂಡ್ ಪ್ರಾಂಪ್ಟಿನ ಎಫ್‌ಎಸ್‌ಯುಟಿಲ್ ಆದೇಶದ ‘ಸೆಕ್ಟರ್‌ಇನ್ಫೋ’ದಲ್ಲಿ 8192 ಅಥವಾ 16384 ಕಂಡರೆ ಇದೇ. ವಿಂಡೋಸ್ 10ರಂತೆ 4 ಕೆಬಿ ಎಂದೇ ನಡೆದುಕೊಳ್ಳುವಂತೆ ಮಾಡುವ ರಿಜಿಸ್ಟ್ರಿ ಬದಲಾವಣೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ.

ಲಾಗ್ ಫೈಲ್ ಅಳಿಸಿದರೆ ಏನಾಗುತ್ತದೆ

ತೂಕದ ಕೋಣೆಯಲ್ಲಿ ಕಾಫಿ ಚೀಲ ಇಳಿಯುತ್ತಿದ್ದಂತೆ ಮೊದಲು ಕಚ್ಚಾ ಪುಸ್ತಕದಲ್ಲಿ ಒಂದು ಸಾಲು ಗೀಚುತ್ತಾರೆ. ಲೆಡ್ಜರಿಗೆ ಏರಿಸುವುದು ಆಮೇಲೆ, ನಿಧಾನಕ್ಕೆ. ಡೇಟಾಬೇಸ್‌ನ ನಡೆ ಥೇಟ್ ಇದೇ. ಬಿಲ್ ಸೇವ್ ಆದಾಗ ಅದು ಮೊದಲು ಬೀಳುವುದು ಲಾಗ್‌ಗೆ. ಇದು ಮೇಲೆ ಓದಿದ ಎರರ್ ಲಾಗ್ ಅಲ್ಲ, ಬೇರೆಯದು. ಮೈಎಸ್‌ಕ್ಯೂಎಲ್‌ನಲ್ಲಿ ಅದರ ಹೆಸರು ಐಬಿ_ಲಾಗ್‌ಫೈಲ್, 8.0.30ರಿಂದ ಈಚೆಗೆ ಇನ್ನೋಡಿಬಿ_ರೀಡು ಎಂಬ ಫೋಲ್ಡರ್. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಲ್‌ಡಿಎಫ್. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ವಾಲ್. ಕರೆಂಟ್ ಹೋಗಿ ಬಂದಾಗ ಡೇಟಾಬೇಸ್ ಈ ಕಚ್ಚಾ ಪುಸ್ತಕ ಓದಿ ಲೆಡ್ಜರನ್ನು ಸರಿಮಾಡುತ್ತದೆ: ಮುಗಿದ ವ್ಯವಹಾರಗಳನ್ನು ಏರಿಸುತ್ತದೆ, ಅರ್ಧಕ್ಕೆ ನಿಂತದ್ದನ್ನು ಹೊಡೆದುಹಾಕುತ್ತದೆ.

ಅಂದ ಮೇಲೆ ಲಾಗ್ ಫೈಲ್ ಅಳಿಸುವುದೆಂದರೆ ಲೆಡ್ಜರಿಗೆ ಏರದ ಕಚ್ಚಾ ಪುಸ್ತಕವನ್ನು ಒಲೆಗೆ ಹಾಕಿದಂತೆ. ಸರ್ವಿಸ್ ಕೆಲವೊಮ್ಮೆ ಎದ್ದೂ ಬಿಡುತ್ತದೆ, ಅದೇ ಅಪಾಯ. ದಾಸ್ತಾನು ಮತ್ತು ಬಿಲ್ ಒಂದಕ್ಕೊಂದು ತಾಳೆಯಾಗದಿರುವುದು ಮಾರ್ಚ್ ಲೆಕ್ಕ ಮುಗಿಸುವಾಗ ಗೊತ್ತಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಈ ಫೋಲ್ಡರಿನ ಹೆಸರು ಮೊದಲು ಪಿಜಿ_ಎಕ್ಸ್‌ಲಾಗ್ ಎಂದಿತ್ತು. ‘ಲಾಗ್’ ಎಂದು ನೋಡಿ ಜನ ಅಳಿಸುತ್ತಿದ್ದರೆಂದೇ 2017ರ 10ನೇ ಆವೃತ್ತಿಯಲ್ಲಿ ಹೆಸರು ಬದಲಿಸಿದರು.

ಲೆಡ್ಜರ್ ಹಾಳೆಯೇ ಅರ್ಧ ಬರೆದು ನಿಂತರೆ? ಮೈಎಸ್‌ಕ್ಯೂಎಲ್ ಒಳಗೆ ಡೇಟಾವನ್ನು ಡಿಸ್ಕಿನಲ್ಲಿ ಇಡುವ ಭಾಗವಾದ ಇನ್ನೋಡಿಬಿಯ ಒಂದು ಪುಟ 16 ಕೆಬಿ. ಡಿಸ್ಕ್ ಒಮ್ಮೆಗೆ ಖಾತರಿಯಾಗಿ ಬರೆಯುವುದು 4 ಕೆಬಿ ಅಥವಾ ಅದಕ್ಕಿಂತ ಕಡಿಮೆ. ನಡುವೆ ಕರೆಂಟ್ ಹೋದರೆ ಪುಟ ಅರ್ಧ ಹೊಸದು, ಅರ್ಧ ಹಳೆಯದು. ಇದಕ್ಕಾಗಿ ಪುಟವನ್ನು ಮೊದಲು ‘ಡಬಲ್‌ರೈಟ್’ ಎಂಬ ಜಾಗದಲ್ಲಿ ಬರೆದು ಆಮೇಲೆ ಸ್ವಸ್ಥಾನದಲ್ಲಿ ಬರೆಯುತ್ತದೆ. ವೇಗ ಹೆಚ್ಚುತ್ತದೆಂದು ಡಬಲ್‌ರೈಟನ್ನು ಆಫ್ ಮಾಡುವ ಸಲಹೆ ಸಿಕ್ಕರೆ, ಕೊಡಗಿನ ಮಟ್ಟಿಗೆ ಕಿವಿಗೆ ಹಾಕಿಕೊಳ್ಳಬೇಡಿ. ಲಾಗ್ ಫ್ಲಶ್ ಮಾಡುವ, ಅಂದರೆ ಮೆಮೊರಿಯಿಂದ ಡಿಸ್ಕಿಗೆ ಇಳಿಸುವ ಸೆಟ್ಟಿಂಗೂ 1ರಲ್ಲೇ ಇರಲಿ; 0 ಅಥವಾ 2 ಮಾಡಿದರೆ ಕರೆಂಟ್ ಹೋದಾಗ ಸುಮಾರು ಕೊನೆಯ ಒಂದು ಸೆಕೆಂಡಿನ ಬಿಲ್‌ಗಳು ಹೋಗಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ‘ಪಾಲಿಸೀಸ್’ ಪುಟದಲ್ಲಿ ‘ಟರ್ನ್ ಆಫ್ ವಿಂಡೋಸ್ ರೈಟ್-ಕ್ಯಾಶ್ ಬಫರ್ ಫ್ಲಶಿಂಗ್’ ಎಂಬ ಚೌಕ ಖಾಲಿಯಾಗಿಯೇ ಇರಬೇಕು.

ಲಾಗ್‌ನಲ್ಲಿ ‘ಕರಪ್ಟ್’ ಎಂಬ ಮಾತು ಬಂದೇಬಿಟ್ಟರೆ ದಾರಿ ಇದು: ಮೊದಲು ಒಳ್ಳೆಯ ಬ್ಯಾಕಪ್ ಇದೆಯೇ ನೋಡುವುದು. ಇಲ್ಲವಾದರೆ ಮಾತ್ರ ಮೈಎಸ್‌ಕ್ಯೂಎಲ್‌ನ ‘ಇನ್ನೋಡಿಬಿ_ಫೋರ್ಸ್_ರಿಕವರಿ’. ಅದು 1ರಿಂದ 6ರವರೆಗೆ ಹೋಗುತ್ತದೆ. 1ರಿಂದ ಶುರುಮಾಡಿ, ಎದ್ದ ಕೂಡಲೇ ಡೇಟಾವನ್ನು ಡಂಪ್ ತೆಗೆದು, ಅಂದರೆ ಒಂದು ಫೈಲಿಗೆ ಹೊರಗೆ ಬರೆಸಿಕೊಂಡು, ಹೊಸ ಸರ್ವರಿಗೆ ಏರಿಸಿ. ಆ ಸ್ಥಿತಿಯಲ್ಲಿ ಬಿಲ್ ಹಾಕಬಾರದು. 4 ಮತ್ತು ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಲ್ಲವು, ಅವನ್ನು ಪ್ರತಿಯ ಮೇಲಷ್ಟೇ ಪ್ರಯೋಗಿಸಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 823, 824 ಬಂದರೆ ‘ಡಿಬಿಸಿಸಿ ಚೆಕ್‌ಡಿಬಿ’ ಓಡಿಸಿ. ಅದರ ಕೊನೆಯ ಅಸ್ತ್ರದ ಹೆಸರೇ ‘ರಿಪೇರ್ ಅಲೌ ಡೇಟಾ ಲಾಸ್’. ಹೆಸರಿನಲ್ಲಿ ಇದ್ದದ್ದನ್ನೇ ಮಾಡುತ್ತದೆ.

ಎದ್ದ ಮೇಲೆ ಕೊನೆಯ ಮುದ್ರಿತ ಬಿಲ್ ಸಂಖ್ಯೆಯನ್ನು ಸಾಫ್ಟ್‌ವೇರಿನ ಕೊನೆಯ ಬಿಲ್ ಜತೆ ತಾಳೆ ನೋಡಿ. ಬ್ಯಾಟರಿ ಹೋದ ಹಳೆಯ ಮದರ್‌ಬೋರ್ಡ್ ಆದರೆ ದೀರ್ಘ ಕಡಿತದ ನಂತರ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ಮೊದಲ ಬಿಲ್ ಹಾಕುವ ಮುನ್ನ ಮೂಲೆಯ ಗಡಿಯಾರ ನೋಡುವುದು ಒಳ್ಳೆಯದು. ಅದಕ್ಕೆ ಬೇಕಾದ್ದು ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ.

ಓಡುತ್ತಿದೆ, ಆದರೆ ಸಿಗುತ್ತಿಲ್ಲ

ಗುಡುಗು ಸಿಡಿಲಿನ ದಿನಗಳಲ್ಲಿ ಮೊದಲು ಹೋಗುವುದು ರೂಟರ್. ಹೊಸ ರೂಟರ್ ಬರುತ್ತದೆ, ಇಂಟರ್‌ನೆಟ್ ಬರುತ್ತದೆ, ಸರ್ವರ್ ಮಷಿನ್‌ನಲ್ಲಿ ಬಿಲ್ಲಿಂಗ್ ತೆರೆಯುತ್ತದೆ, ಕೌಂಟರಿನ ಉಳಿದ ಮಷಿನ್‌ಗಳಲ್ಲಿ ತೆರೆಯುವುದಿಲ್ಲ. ಇಲ್ಲಿ ಮೂರು ಗಂಟುಗಳು ಒಂದರ ಮೇಲೊಂದು ಬಿದ್ದಿರಬಹುದು.

ಹಳೆಯ ರೂಟರ್ 192.168.1 ಸಾಲಿನ ವಿಳಾಸ ಕೊಡುತ್ತಿತ್ತು, ಹೊಸದು 192.168.0 ಕೊಡುತ್ತಿದೆ, ಕೌಂಟರಿನವು ಹಳೆಯ ವಿಳಾಸವನ್ನೇ ಹುಡುಕುತ್ತಿವೆ. ಅದನ್ನು ತಿದ್ದಿದ ಮೇಲೂ ಸಿಗದಿದ್ದರೆ ಫೈರ್‌ವಾಲ್. ಹೊಸ ರೂಟರನ್ನು ವಿಂಡೋಸ್ ಹೊಸ ನೆಟ್‌ವರ್ಕ್ ಎಂದು ನೋಡಿ ‘ಪಬ್ಲಿಕ್’ ಎಂದು ಗುರುತಿಸುತ್ತದೆ, ಹಿಂದೆ ಮಾಡಿದ ನಿಯಮ ‘ಪ್ರೈವೇಟ್’ಗೆ ಮಾತ್ರ ಇತ್ತು. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಪ್ರೈವೇಟ್ ಎಂದು ಬದಲಿಸಿದರೆ ಸಾಕು, ಫೈರ್‌ವಾಲನ್ನೇ ಆಫ್ ಮಾಡಬೇಕಿಲ್ಲ. ಮೂರನೆಯದು ಪೋಸ್ಟ್‌ಗ್ರೆಸ್‌ನದ್ದು: ಪಿಜಿ_ಎಚ್‌ಬಿಎ ಫೈಲಿನಲ್ಲಿ ಹಳೆಯ ಸಾಲಿನ ವಿಳಾಸಕ್ಕಷ್ಟೇ ಅನುಮತಿ ಬರೆದಿರುತ್ತದೆ.

ಎಲ್ಲಿ ತಡೆ ಇದೆ ಎಂದು ತಿಳಿಯಲು ಕೌಂಟರಿನ ಮಷಿನ್‌ನಲ್ಲಿ ಪವರ್‌ಶೆಲ್ ತೆರೆದು ‘ಟೆಸ್ಟ್-ನೆಟ್‌ಕನೆಕ್ಷನ್’ಗೆ ಸರ್ವರ್ ವಿಳಾಸ, ಪೋರ್ಟ್ ಸಂಖ್ಯೆ ಕೊಡಿ. ಪೋರ್ಟಿನ ಪರೀಕ್ಷೆಗೆ ‘ಟ್ರೂ’ ಬಂದರೆ ದಾರಿ ಸಲೀಸು, ತೊಂದರೆ ಯೂಸರ್‌ನೇಮ್, ಪಾಸ್‌ವರ್ಡ್, ಅನುಮತಿಯದ್ದು. ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ/ಐಪಿ ಮೊದಲಿಗೆ ಆಫ್ ಇರುತ್ತದೆ, ಪೋರ್ಟೂ ಸ್ಥಿರವಲ್ಲ. ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಅದನ್ನು ಆನ್ ಮಾಡಿ 1433 ಎಂದು ನಿಗದಿಪಡಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ರೂಟರಿನಲ್ಲಿ ಸರ್ವರ್ ಮಷಿನ್‌ಗೆ ವಿಳಾಸ ಕಾದಿರಿಸಿದರೆ ಮುಂದಿನ ಸಲ ಅದು ಅಲೆಯುವುದಿಲ್ಲ.

ಮುಂದಿನ ಮಳೆಗೆ

ಬ್ಯಾಕಪ್ ಎಂದರೆ ಓಡುತ್ತಿರುವ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದು ಹಾಕುವುದಲ್ಲ. ನಕಲಾಗುತ್ತಿರುವಾಗಲೇ ಫೈಲ್‌ಗಳು ಬದಲಾಗುತ್ತವೆ, ಆ ಪ್ರತಿ ಏಳದೇ ಇರಬಹುದು. ಮೈಎಸ್‌ಕ್ಯೂಎಲ್‌ಡಂಪ್, ಪಿಜಿ_ಡಂಪ್ ಅಥವಾ ‘ಬ್ಯಾಕಪ್ ಡೇಟಾಬೇಸ್’ ಆದೇಶವನ್ನು ಟಾಸ್ಕ್ ಶೆಡ್ಯೂಲರಿಗೆ ಹಾಕಿ. ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲದ್ದರಿಂದ ಅಲ್ಲೂ ಟಾಸ್ಕ್ ಶೆಡ್ಯೂಲರೇ ಗತಿ. ಹೊತ್ತು ರಾತ್ರಿ ಎರಡಕ್ಕೆ ಬೇಡ, ಮಳೆಗಾಲದಲ್ಲಿ ಆ ಹೊತ್ತಿಗೆ ಕರೆಂಟ್ ಇರುವ ಭರವಸೆಯಿಲ್ಲ. ಮಧ್ಯಾಹ್ನದ ಊಟದ ಸಮಯ ಆದೀತು. ಹಿಂದಿನ ತಿಂಗಳ ಒಂದು ಡಂಪನ್ನು ಬೇರೆ ಮಷಿನ್‌ಗೆ ಏರಿಸಿ, ಬಿಲ್ ಕಾಣುತ್ತದೆಯೇ ಎಂದು ಒಮ್ಮೆ ನೋಡಿ.

ಯುಪಿಎಸ್ ಕೊಳ್ಳುವಾಗ ಯುಎಸ್‌ಬಿ ಕಿಂಡಿ ಇದೆಯೇ ಕೇಳಿ. ಅಗ್ಗದ 600 ವಿಎ ಮಾದರಿಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಆ ಕೇಬಲ್ ಸಿಕ್ಕಿಸಿದರೆ ಡೆಸ್ಕ್‌ಟಾಪಿನಲ್ಲೂ ಬ್ಯಾಟರಿ ಚಿಹ್ನೆ ಬರುತ್ತದೆ, ಬ್ಯಾಟರಿ ತಳ ಕಂಡಾಗ ತಾನಾಗಿ ಶಟ್‌ಡೌನ್ ಆಗುವಂತೆ ಪವರ್ ಆಪ್ಷನ್ಸ್‌ನಲ್ಲಿ ಹೇಳಬಹುದು. ಕೇಬಲ್ ಇಲ್ಲದ ಯುಪಿಎಸ್ ಹತ್ತು ನಿಮಿಷ ಕೂಗಿ ಕೊನೆಗೆ ಮಷಿನ್ ಅನ್ನು ಕರೆಂಟ್ ಕಟ್‌ನಂತೆಯೇ ಬೀಳಿಸುತ್ತದೆ. ಮನೆ ಇನ್ವರ್ಟರಿನ ಮೇಲೆ ಸರ್ವರ್ ಇದ್ದರೆ ಅದರ ಹಿಂಬದಿಯ ಸಣ್ಣ ಸ್ವಿಚ್ ನೋಡಿ. ಅದು ‘ಇಕೋ’ ಅಥವಾ ‘ನಾರ್ಮಲ್’ನಲ್ಲಿದ್ದರೆ ಬದಲಾವಣೆಗೆ ತೆಗೆದುಕೊಳ್ಳುವ ಆ ಕಣ್ಣೆವೆ ಹೊತ್ತಿನಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ, ‘ಯುಪಿಎಸ್’ ಕಡೆಗೆ ತಳ್ಳಿ.